ಉಸಿರಾಡದ ಪೆಟ್ಟಿಗೆ

ಕಂತು ಒಂಬತ್ತು

“ಇದು ಉಸಿರಾಡ್ತಿದೆ,” ಎಂದಳು ಕುಯಿಲಿ. ಪುಟ್ಟ ಕಪ್ಪು ಪೆಟ್ಟಿಗೆಗೆ ಒತ್ತಿಟ್ಟಿದ್ದ ಕಿವಿಯನ್ನು ಮೇಲೆತ್ತಿದಳು. “ಬೇಡ.”

“ಅಯ್ಯೋ ತಾಯಿ, ಉಸಿರಾಡದೆ ಇರೋಕೆ ಅದೇನು ಹೆಣವಾ?” ಕದಿರೇಸನ್ ಹೊಟ್ಟೆ ಕುಲುಕಿಸಿ ನಕ್ಕ. “ಕಂಪ್ಯೂಟರ್ ಅಂದ್ಮೇಲೆ ಒಳಗೆ ಒಂದು ಫ್ಯಾನ್ ಇರತ್ತೆ. ಫ್ಯಾನ್ ಅಂದ್ಮೇಲೆ ಒಂಚೂರು ಸುಯ್ ಅನ್ನತ್ತೆ. ಬೆಕ್ಕು ಮಲಗಿದ್ರೂ ಇದಕ್ಕಿಂತ ಜಾಸ್ತಿ ಸದ್ದು ಮಾಡತ್ತೆ.”

“ಬೆಕ್ಕಿನ ಸದ್ದೂ ಬೇಡ.”

ಕಂಪ್ಯೂಟರ್ ಅಂಗಡಿಗಳ ರಿಚಿ ಸ್ಟ್ರೀಟಿನ ಮೊದಲ ಮಹಡಿಯಲ್ಲಿ ಆರಡಿ ಅಗಲದ ಅಂಗಡಿ. ಮೇ ತಿಂಗಳ ಶುಕ್ರವಾರ, ಹನ್ನೊಂದು ಗಂಟೆಯ ಬಿಸಿಲಿಗೆ ಕೆಳಗಿನ ಗಲ್ಲಿ ಬೇಯುತ್ತಿತ್ತು. ಕುಯಿಲಿಯ ಹಿಂದೆ, ಬಾಗಿಲಿಗೆ ಒರಗಿ ಮಾಸಿಲಾಮಣಿ ನನ್ನಾರಿ ಬೇರಿನ ಶರಬತ್ತು ಹೀರುತ್ತ ನಿಂತಿದ್ದರು. ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಈಗ ಚಿಂತಾದ್ರಿಪೇಟೆಯ ಒಂದು ಕೋಣೆಯಲ್ಲಿ ಖಾಸಗಿ ಪತ್ತೇದಾರರಾಗಿ ಕುಳಿತಿರುವ ಮನುಷ್ಯ. ಮಾತು ಕಡಿಮೆ.

ಫೆಬ್ರವರಿಯಲ್ಲಿ ಎಣ್ಣೂರು ರಸ್ತೆಯಲ್ಲಿ ಲಾರಿಯೊಂದು ಅಕ್ಕ ವಾನ್ಮತಿಯ ಸ್ಕೂಟರನ್ನು ಅರೆದು ಹೋದ ಗಂಟೆಯಲ್ಲೇ, ಪೆರಂಬೂರಿನ ಅವಳ ಮನೆಯಿಂದ ಅವಳ ಪುಟ್ಟ ಕಂಪ್ಯೂಟರನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಎರಡೂ ಒಂದೇ ಕೈಯ ಕೆಲಸ ಎಂದು ಕುಯಿಲಿಗೆ ಮೊದಲ ದಿನವೇ ಗೊತ್ತಿತ್ತು. ಪೊಲೀಸರಿಗೆ ಮೂರು ತಿಂಗಳಾದರೂ ಗೊತ್ತಾಗಿರಲಿಲ್ಲ.

ನೀಲಾಂಬರಿ ಅಲಾಯ್ಸ್ ಎಂಬ ಲೋಹ ಕರಗಿಸುವ ಕಾರ್ಖಾನೆ ಎಣ್ಣೂರಿನ ಗಾಳಿಗೆ ಏನು ಬೆರೆಸುತ್ತಿದೆ ಎಂಬುದನ್ನು ವಾನ್ಮತಿ ಎರಡು ವರ್ಷ ಅಳೆದಿದ್ದಳು. ಅಳತೆ, ಚಿತ್ರ, ಧ್ವನಿ ಎಲ್ಲವೂ ಆ ಪೆಟ್ಟಿಗೆಯಲ್ಲಿದ್ದವು. ಪರರ ಯಂತ್ರಗಳ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. “ನಮ್ಮ ಮನೆ ಸೊತ್ತು ನಮ್ಮ ಮನೇಲೇ ಇರಬೇಕು ಕಣೆ,” ಎನ್ನುತ್ತಿದ್ದಳು.

ಆದರೆ ಅವಳು ಪೆದ್ದಿಯಲ್ಲ. ಕಳೆದ ವಾರ ಅವಳ ಹೊಲಿಗೆ ಡಬ್ಬಿಯಲ್ಲಿ ಸಿಕ್ಕ ಟಿಪ್ಪಣಿ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಳು. ಆ ಪೆಟ್ಟಿಗೆಗೆ ಇನ್ನೊಂದು ಜೋಡಿ ಕಂಪ್ಯೂಟರ್ ಇರಬೇಕು. ಅದನ್ನು ತೆರೆಯುವ ಕೀಲಿಯ ಅರ್ಧ ಅದರಲ್ಲೇ ಇದೆ, ಉಳಿದರ್ಧ ಜೋಡಿಯಲ್ಲಿರುತ್ತದೆ. ಜೋಡಿ ಇದೇ ಪೆರಂಬೂರಿನ ಮನೆಯ ವಿಳಾಸದಲ್ಲಿ ಎಚ್ಚರವಿದ್ದರೆ ಮಾತ್ರ ಆ ಪೆಟ್ಟಿಗೆ ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಕೂಡಲೇ ತನ್ನಲ್ಲಿರುವುದನ್ನೆಲ್ಲ ಜೋಡಿಗೂ ಕಳಿಸುತ್ತದೆ. ಅಲ್ಲಿ ಸೇರಿಸಿದ್ದು ಇಲ್ಲಿ ಸೇರುತ್ತದೆ, ಅಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ.

ಉಳಿದರ್ಧ ಕೀಲಿಯಿದ್ದ ಪೆನ್‌ಡ್ರೈವ್ ಪುಸ್ತಕದ ಬೆನ್ನಿಗೆ ಅಂಟಿತ್ತು.

ಕಳ್ಳ ಒಂದಲ್ಲ ಒಂದು ದಿನ ಆ ಪೆಟ್ಟಿಗೆಗೆ ಕರೆಂಟು ಕೊಟ್ಟೇ ಕೊಡುತ್ತಾನೆ. ಆ ದಿನ ಜೋಡಿ ಎಚ್ಚರವಿರಬೇಕು. ಹಗಲೂ ರಾತ್ರಿ, ಕರೆಂಟು ಹೋದರೂ. ಮುಖ್ಯವಾಗಿ, ಆ ಮನೆಯಲ್ಲಿ ಈಗ ಒಂಟಿಯಾಗಿರುವ ಭಾವ ಸೆಂಗುಟ್ಟುವನ್‌ಗೆ ಅದು ಅಲ್ಲಿದೆಯೆಂದು ತಿಳಿಯಬಾರದು. ಕುಯಿಲಿಯ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ.

ಅವನು ರೈಲು ಬೋಗಿ ಕಾರ್ಖಾನೆಯಲ್ಲಿ ಚಕ್ರದ ಬೇರಿಂಗುಗಳನ್ನು ಕಿವಿಯಿಂದಲೇ ಪರೀಕ್ಷಿಸುವವನು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅಂಥ ಕಿವಿಗೆ ಫ್ಯಾನಿನ ಸುಯ್ ಬಿದ್ದರೆ ಮುಗಿಯಿತು.

“ಈ ಚಿಕ್ಕದು ನೋಡು ತಾಯಿ.” ಕದಿರೇಸನ್ ಅಂಗೈಯಗಲದ ಹಸಿರು ಹಲಗೆಯೊಂದನ್ನು ಮುಂದಿಟ್ಟ. “ಫ್ಯಾನೇ ಇಲ್ಲ. ಮೊಬೈಲ್ ಚಾರ್ಜರಲ್ಲಿ ಓಡತ್ತೆ.”

“ಇದರಲ್ಲಿ ಎಲ್ಲಾ ಸಣ್ಣ ಕಾರ್ಡಲ್ಲಿ ಕೂರತ್ತೆ ಅಲ್ವಾ ಅಣ್ಣಾ? ದಿನಗಟ್ಟಲೆ ಬರೀತಾನೇ ಇದ್ರೆ ಕಾರ್ಡ್ ಸತ್ತುಹೋಗತ್ತೆ.”

ಕದಿರೇಸನ್ ಹುಬ್ಬೇರಿಸಿದ. “ಚರ್ಮ ಕತ್ತರಿಸೋ ಹುಡುಗಿಗೆ ಇದೆಲ್ಲಾ ಯಾರು ಹೇಳ್ಕೊಟ್ರು?”

“ಅಕ್ಕ.”

ಕುಯಿಲಿ ಪೆರಿಯಮೇಟಿನ ಶೂ ಕಾರ್ಖಾನೆಯಲ್ಲಿ ಮಾದರಿ ಕತ್ತರಿಸುವವಳು. ಕೂದಲೆಳೆ ತಪ್ಪಿದರೂ ಹಾಳಾಗುವ ಕೆಲಸ. ಅಕ್ಕ ಸತ್ತ ದಿನದಿಂದ ಅದೇ ಲಕ್ಷ್ಯವನ್ನು ಒಂದೇ ಕಡೆ ನೆಟ್ಟಿದ್ದಳು. ಅಂದಿನಿಂದ ಮೀನು ಮುಟ್ಟಿರಲಿಲ್ಲ. ಕೊಂದವನು ಕೈಗೆ ಸಿಕ್ಕ ದಿನ ತಿನ್ನುತ್ತೇನೆ ಎಂದು ಅಮ್ಮನ ಮುಂದೆ ಹೇಳಿದ್ದಳು. ಅಮ್ಮ ಬೇಡವೆನ್ನಲಿಲ್ಲ.

ಮೂರನೆಯದು ಯಾವುದೋ ಆಫೀಸಿನಿಂದ ಬಂದ ಹಳೆಯ ಪೆಟ್ಟಿಗೆ. ಗಟ್ಟಿಮುಟ್ಟಾಗಿತ್ತು. ಕದಿರೇಸನ್ ಅದನ್ನು ವ್ಯಾಟ್ ಮೀಟರಿಗೆ ಸಿಕ್ಕಿಸಿದ. ಅಂಕಿ ಮೂವತ್ತರ ಹತ್ತಿರ ಕುಣಿಯಿತು.

“ಇದು ನಮ್ಮ ಬ್ಯಾಟರೀನ ಒಂದೂವರೆ ಗಂಟೇಲಿ ನುಂಗಿ ನೀರು ಕುಡಿಯತ್ತೆ,” ಎಂದರು ಮಾಸಿಲಾಮಣಿ. ಅಲ್ಲಿಯವರೆಗೆ ಅವರಾಡಿದ ಮೊದಲ ಮಾತು. “ಪೆರಂಬೂರಲ್ಲಿ ಕರೆಂಟ್ ಹೋದ್ರೆ ನಾಲ್ಕು ಗಂಟೆ.”

ಕೊನೆಗೆ ಕದಿರೇಸನ್ ಮೇಜಿನಡಿಯಿಂದ ಬೂದುಬಣ್ಣದ ಒಂದು ಪೆಟ್ಟಿಗೆ ತೆಗೆದ. ಇಟ್ಟಿಗೆಗಿಂತ ಚಿಕ್ಕದು, ತಳದಲ್ಲಿ ಅಂಗಡಿಯ ದುಂಡನೆಯ ಹಳದಿ ಚೀಟಿ. ಮೈಪೂರಾ ಅಲ್ಯೂಮಿನಿಯಂ, ಬೆನ್ನ ಮೇಲೆ ಬಾಚಣಿಗೆಯಂತೆ ಹಲ್ಲುಹಲ್ಲು ಪಟ್ಟಿಗಳು. ಆ ಪಟ್ಟಿಗಳೇ ಒಳಗಿನ ಬಿಸಿಯನ್ನು ಗಾಳಿಗೆ ಬಿಡುತ್ತವೆ. ಫ್ಯಾನ್ ಇಲ್ಲ, ತಿರುಗುವ ಡಿಸ್ಕ್ ಇಲ್ಲ, ಅಲುಗಾಡುವ ಭಾಗ ಒಂದೂ ಇಲ್ಲ.

ಕುಯಿಲಿ ಕಿವಿಯಿಟ್ಟಳು. ಉಸಿರು ಬಿಗಿಹಿಡಿದಳು. ತನ್ನ ನಾಡಿಯ ಬಡಿತ ಬಿಟ್ಟರೆ ಏನೂ ಕೇಳಿಸಲಿಲ್ಲ.

ಮೀಟರ್ ಆರು ತೋರಿಸುತ್ತಿತ್ತು.

“ಕರೆಂಟ್ ಹೋಗಿ ಬಂದ್ರೆ ತಾನಾಗೇ ಎದ್ದೇಳ್ಬೇಕು. ಯಾರೂ ಗುಂಡಿ ಒತ್ತಲ್ಲ,” ಎಂದಳು.

“ಹಂಗೇ ಹೊಂದಿಸಿ ಕೊಡ್ತೀನಿ. ಒಂದು ಮಾತು ಮಾತ್ರ ಕೇಳು. ಬೀರುವಿನೊಳಗೆ ಮುಚ್ಚಿಟ್ಟೀಯಾ, ಈ ಬೇಸಗೇಲಿ ಬೆಂದುಹೋಗತ್ತೆ. ಗಾಳಿ ಆಡೋ ಕಡೆ ಇಡು.” ಕದಿರೇಸನ್ ಪೆಟ್ಟಿಗೆಯ ಬೆನ್ನು ಸವರಿದ. “ಎಲ್ಲಿ ಇಡ್ತೀಯಾ?”

“ಮನೇಲಿ,” ಎಂದಳು ಕುಯಿಲಿ.

ಮಾಸಿಲಾಮಣಿ ಆಗ ತಮ್ಮ ಚೀಲದಿಂದ ಕಪ್ಪು ಅಡಾಪ್ಟರ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕಳ್ಳ ಪೆಟ್ಟಿಗೆ ಒಯ್ದಿದ್ದ, ಗೋಡೆಗೆ ಕ್ಲಾಂಪ್ ಹಾಕಿ ಬಿಗಿದಿದ್ದ ಇದನ್ನು ಬಿಟ್ಟುಹೋಗಿದ್ದ. ತುದಿಯಲ್ಲಿ ನಾಲ್ಕು ಸಣ್ಣ ಮುಳ್ಳು. ಇಡೀ ಬೀದಿಯಲ್ಲಿ ಹುಡುಕಿದರೂ ಅಂಥದ್ದು ಇನ್ನೊಂದು ಸಿಕ್ಕಿರಲಿಲ್ಲ.

“ಈ ಜಾತಿದು ಯಾರಾದ್ರೂ ಕೇಳ್ಕೊಂಡು ಬಂದಿದ್ರಾ?”

ಕದಿರೇಸನ್ ಅದನ್ನು ತಿರುಗಿಸಿ ನೋಡಿದ. ನಗು ನಿಂತಿತು.

“ಇದರ ಪೆಟ್ಟಿಗೆ ನಾನು ಯಾವತ್ತೂ ಮಾರಿಲ್ಲ ಅಯ್ಯಾ. ಆನ್‌ಲೈನಲ್ಲಿ ತರಿಸಿರ್ತಾರೆ. ಆದ್ರೆ ಅಡಾಪ್ಟರ್ ಕೇಳ್ಕೊಂಡು ಒಬ್ಬ ಬಂದಿದ್ದ. ಹೋದ ಮಂಗಳವಾರ. ಹೆಲ್ಮೆಟ್ ತೆಗೀಲಿಲ್ಲ. ತೈವಾನಿಂದ ತರಿಸಿದ್ದು ಎರಡಿತ್ತು. ಒಂದನ್ನ ಸಿಕ್ಕಿಸಿ, ಹೆಲ್ಮೆಟ್ ಓರೆ ಮಾಡಿ ಕಿವಿ ಹತ್ರ ಹಿಡ್ಕೊಂಡ. ‘ಒಳಗೆ ಸುರುಳಿ ಕೀಂ ಅಂತಿದೆ, ಇನ್ನೊಂದು ಕೊಡಿ’ ಅಂದ. ನನಗೆ ಏನೂ ಕೇಳಿಸ್ಲಿಲ್ಲ. ಅದೆಂಥಾ ಕಿವಿ ಅಯ್ಯಾ ಅದು! ಇರುವೆ ಕೆಮ್ಮಿದ್ರೂ ಕೇಳಿಸತ್ತೇನೋ.”

ಅಂಥ ಕಿವಿ ಈ ಊರಲ್ಲಿ ಕುಯಿಲಿಗೆ ಗೊತ್ತಿರುವುದು ಒಂದೇ.

ಮೆಟ್ಟಿಲಿಳಿಯುವಾಗ ಅವಳು ಮಾಸಿಲಾಮಣಿಯತ್ತ ತಿರುಗಿದಳು. “ಅವನೇ ಅಯ್ಯಾ. ನನ್ನಕ್ಕನ ತಾಳಿ ಕಟ್ಟಿದ ಕೈಯೇ ಅವಳನ್ನ ಮಾರಿದೆ. ಚರ್ಮ ಹದ ಮಾಡೋ ಹಂಗೆ ಮಾಡ್ತೀನಿ ಅವನನ್ನ. ಮೊದಲು ಸುಣ್ಣ, ಆಮೇಲೆ ಕತ್ತಿ.”

“ಮೊದಲು ಸಾಕ್ಷಿ,” ಎಂದರು ಮಾಸಿಲಾಮಣಿ.

*

ಪೆರಂಬೂರಿನ ಮನೆಯಲ್ಲಿ ಫ್ರಿಜ್ಜಿನ ಮೇಲೆ, ಗೋಡೆಗೆ ಹಳೆಯ ಸ್ಟೆಬಿಲೈಜರ್ ಒಂದಿತ್ತು. ಸುತ್ತ ಗಾಳಿಯ ಕಿಂಡಿಗಳಿದ್ದ ತಗಡಿನ ಡಬ್ಬ. ಇಂಟರ್ನೆಟ್ ಪೆಟ್ಟಿಗೆ ಅದರ ಪಕ್ಕದಲ್ಲೇ. “ಸುಟ್ಟ ವಾಸನೆ ಬರ್ತಿದೆ, ರಿಪೇರಿ ಮಾಡಿಸ್ತೀನಿ,” ಎಂದು ಶನಿವಾರ ಕುಯಿಲಿ ಅದನ್ನು ಬಿಚ್ಚಿ ಒಯ್ದಳು. ಮಾಸಿಲಾಮಣಿ ಅದರ ಕರುಳನ್ನೆಲ್ಲ ಬಗೆದು ತೆಗೆದು, ಪೆನ್‌ಡ್ರೈವಿನ ಅರ್ಧ ಕೀಲಿ ತುಂಬಿಸಿದ ಬೂದು ಪೆಟ್ಟಿಗೆಯನ್ನೂ ಸಣ್ಣ ಬ್ಯಾಟರಿಯನ್ನೂ ಒಳಗೆ ಕೂರಿಸಿದರು. ಫ್ರಿಜ್ಜಿಗೆ ನೇರ ತಂತಿ ಕೊಟ್ಟರು. ಹೊರಗಿನಿಂದ ನೋಡಿದರೆ ಅದೇ ತಗಡು, ಅದೇ ತುಕ್ಕು.

ಸೋಮವಾರ ಹನ್ನೆರಡು ಗಂಟೆಗೆ, ಭಾವ ಕೆಲಸಕ್ಕೆ ಹೋಗಿರುವ ಹೊತ್ತೆಂದು ಲೆಕ್ಕ ಹಾಕಿ, ಅವಳು ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಅದನ್ನು ಗೋಡೆಗೆ ಸಿಕ್ಕಿಸಿ, ಇಂಟರ್ನೆಟ್ ಪೆಟ್ಟಿಗೆಗೂ ಅದರ ಬ್ಯಾಟರಿಯಿಂದ ಕರೆಂಟು ಕೊಟ್ಟು, ಎರಡಕ್ಕೂ ತಂತಿ ಜೋಡಿಸಿದಳು. ಮಾಸಿಲಾಮಣಿ ಹೆಲ್ಮೆಟ್ಟಿನವನ ಜಾಡು ಹಿಡಿದು ಬೇರೆಡೆ ಹೋಗಿದ್ದರು. ಪುಟ್ಟ ಹಸಿರು ದೀಪ ಹೊತ್ತಿತು. ಅದರ ಮೇಲೆ ಕಪ್ಪು ಟೇಪು ಅಂಟಿಸಿ ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ರಿಪೇರಿ ಆಯ್ತಾ?”

ಸೆಂಗುಟ್ಟುವನ್ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ತಂಗಳನ್ನದ ತಟ್ಟೆ. ಮೂರು ತಿಂಗಳಲ್ಲಿ ಹತ್ತು ವರ್ಷ ಮುಪ್ಪಾಗಿದ್ದ.

“ಆಯ್ತು ಭಾವ. ಇವತ್ತು ಡ್ಯೂಟಿ ಇಲ್ವಾ?”

ಅವನು ತಟ್ಟೆಯನ್ನು ನೆಲದ ಮೇಲಿಟ್ಟು ಹತ್ತಿರ ಬಂದ. ಡಬ್ಬವನ್ನು ನೋಡಿದ. ಅಂಗೈಯನ್ನು ಅದರ ಮೈಗೆ ಹಚ್ಚಿ ಕಣ್ಣು ಮುಚ್ಚಿದ.

“ಸ್ಟೆಬಿಲೈಜರ್ ಅಂದ್ರೆ ಒಳಗೆ ಗುಂಯ್ ಅಂತ ನಡುಕ ಇರತ್ತೆ ಕುಯಿಲಿ. ಇದರಲ್ಲಿ ಇಲ್ಲ. ನಡುಗದೆ ಇರೋ ಸ್ಟೆಬಿಲೈಜರ್ ಒಂದೋ ಸತ್ತಿರತ್ತೆ, ಇಲ್ಲಾ ಸುಳ್ಳು ಹೇಳ್ತಿರತ್ತೆ.”

ಅವಳು ತಡೆಯುವ ಮೊದಲೇ ಅವನು ಜೇಬಿನ ಸ್ಕ್ರೂಡ್ರೈವರಿನಿಂದ ಮುಚ್ಚಳ ತೆಗೆದಿದ್ದ. ಬೂದು ಪೆಟ್ಟಿಗೆ ಕಂಡಿತು.

ಗದ್ದಲ ಮಾಡದಿರಲೆಂದು ಅಷ್ಟೊಂದು ಆರಿಸಿ ತಂದಿದ್ದರು. ಆ ಮೌನವೇ ಅವಳನ್ನು ಹಿಡಿದುಕೊಟ್ಟಿತ್ತು.

“ನನ್ನ ಮೇಲೆ ಕಣ್ಣಿಡೋಕಾ?” ಅವನ ದನಿ ಏರಲಿಲ್ಲ.

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಕುಯಿಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಹೌದು. ಹೋದ ಮಂಗಳವಾರ ರಿಚಿ ಸ್ಟ್ರೀಟಿಗೆ ಯಾಕೆ ಹೋಗಿದ್ರಿ ಭಾವ?”

“ನಾನ್ಯಾಕೆ ಹೋಗ್ಲಿ?”

“ನಾಲ್ಕು ಮುಳ್ಳಿನ ಅಡಾಪ್ಟರ್ ಬೇಕಿತ್ತಲ್ಲ! ಕಿವೀಗಿಟ್ಟು ಕೇಳಿ, ಕೀಂ ಅನ್ನತ್ತೆ ಅಂತ ವಾಪಸ್ ಕೊಟ್ರಲ್ಲ! ಅಕ್ಕನ್ನ ಲಾರಿಗೆ ಎಷ್ಟಕ್ಕೆ ಮಾರಿದ್ರಿ? ಆ ಕಾರ್ಖಾನೆಯವರು ಏನು ಕೊಟ್ರು? ಹೇಳಿ!”

ಸೆಂಗುಟ್ಟುವನ್ ಮುಖ ಸುಣ್ಣದಂತೆ ಬೆಳ್ಳಗಾಯಿತು. “ನಾಲಿಗೆ ಹಿಡಿದು ಮಾತಾಡು.”

“ಹಿಡಿಯಲ್ಲ. ಮೂರು ತಿಂಗಳು ಹಿಡಿದಿದ್ದು ಸಾಕು. ನನ್ನ ಚೀಲದಲ್ಲಿ ಚರ್ಮ ಕತ್ತರಿಸೋ ಕತ್ತಿ ಇದೆ ಭಾವ. ಇವತ್ತೇ ಎಳೀಬಹುದಿತ್ತು. ಆದ್ರೆ ಹಂಗೆ ಮಾಡಿದ್ರೆ ಸೇಡು ಹತ್ತು ನಿಮಿಷದಲ್ಲಿ ಮುಗಿದುಹೋಗತ್ತೆ. ನನಗೆ ಅಷ್ಟು ಸಾಲದು. ನೀವು ಕೋರ್ಟಲ್ಲಿ ನಿಂತು ತಲೆ ತಗ್ಗಿಸೋದನ್ನ, ಜೈಲಲ್ಲಿ ಮುದುಕರಾಗೋದನ್ನ ನಾನು ಒಂದೊಂದು ದಿನಾನೂ ನೋಡ್ಬೇಕು.”

ಸರಕ್ಕನೆ ಕರೆಂಟು ಹೋಯಿತು. ಮೇಲಿನ ಫ್ಯಾನ್ ಒಂದು ಕ್ಷಣ ತಡವರಿಸಿ ಇನ್ವರ್ಟರಿನ ಬಲದಲ್ಲಿ ತಿರುಗತೊಡಗಿತು. ಗೋಡೆಯ ಹಲಗೆಯ ಮೇಲಿದ್ದ ಆ ಇನ್ವರ್ಟರಿನ ಬ್ಯಾಟರಿಯೂ ಹಳೆಯದು. ಅರ್ಧ ನಿಮಿಷದಲ್ಲೇ ಅದು ಸೂಜಿಯಂಥ ಸಣ್ಣ ದನಿಯಲ್ಲಿ ಕಿರುಚಲು ಶುರುಮಾಡಿತು. ಕೀಂ, ಕೀಂ, ಕೀಂ. ಕುಯಿಲಿಯ ಹಲ್ಲು ಜುಮ್ಮೆಂದಿತು.

ಸೆಂಗುಟ್ಟುವನ್ ಅದರ ಕೆಳಗೇ ನಿಂತಿದ್ದ. ಅವನ ಕಣ್ಣು ಕೂಡ ಅತ್ತ ಹೊರಳಲಿಲ್ಲ.

“ಅದನ್ನ ಆರಿಸಿ ಭಾವ,” ಎಂದಳು ಅವಳು.

“ಏನನ್ನ?”

“ಇನ್ವರ್ಟರ್. ಕೂಗ್ತಿದೆಯಲ್ಲ.”

ಅವನು ತಲೆಯೆತ್ತಿ ಕೆಂಪು ದೀಪ ಮಿನುಗುವುದನ್ನು ನೋಡಿದ. “ಕೂಗ್ತಿದೆಯಾ?” ಎಂದ.

ಕುಯಿಲಿ ಆರಿಸುವಂತೆ ಕೈಸನ್ನೆ ಮಾಡಿದಳು.

ಅವನು ಕೈಚಾಚಿ ಅದನ್ನು ಆರಿಸಿದ. ಬಂದು ತಟ್ಟೆಯ ಪಕ್ಕ ನೆಲದ ಮೇಲೆ ಕುಳಿತ. “ಒಂದೂವರೆ ವರ್ಷ ಆಯ್ತು. ಸಣ್ಣ ದನಿ ಯಾವುದೂ ಕೇಳಿಸಲ್ಲ. ಗುಬ್ಬಿ ಇಲ್ಲ, ಫೋನಿನ ಟಿಣ್ ಇಲ್ಲ. ಎದುರಿಗೆ ನಿಂತು ಮಾತಾಡಿದ್ರೆ ಮಾತು ಮಾತ್ರ ಸಿಗತ್ತೆ. ಬೇರಿಂಗ್ ಪರೀಕ್ಷೆ ಅಂಗೈಯಲ್ಲೇ ಮಾಡ್ತಿದ್ದೆ. ಹೋದ ತಿಂಗಳು ಡಾಕ್ಟರ್ ಹಿಡಿದ. ಕೆಲಸದಿಂದ ಕೂರ್ಸಿದ್ದಾರೆ. ಅದಕ್ಕೇ ಮನೇಲಿದ್ದೀನಿ.”

“ಅಕ್ಕನಿಗೆ ಗೊತ್ತಿತ್ತಾ?”

“ಇಲ್ಲ. ಅವಳಿಗೆ ನನ್ನ ಕಿವಿ ಅಂದ್ರೆ ಹೆಮ್ಮೆ. ತನ್ನ ಪೆಟ್ಟಿಗೆ ತಗೊಳ್ಳೋವಾಗ್ಲೂ ಅಂಗಡಿಯವನ ಮುಂದೆ ಹೇಳಿದ್ಲು, ‘ನಮ್ಮನೆಯವರಿಗೆ ಇರುವೆ ಕೆಮ್ಮಿದ್ರೂ ಕೇಳಿಸತ್ತೆ, ಸದ್ದೇ ಇಲ್ಲದ್ದು ಕೊಡಿ ಅಣ್ಣಾ’ ಅಂತ. ನಾನು ಪಕ್ಕದಲ್ಲೇ ನಿಂತು ನಕ್ಕಿದ್ದೆ.”

ಇರುವೆ ಕೆಮ್ಮಿದರೂ.

“ಯಾವ ಅಂಗಡಿ ಭಾವ?” ಕುಯಿಲಿ ಕೇಳಿದಳು.

“ಅದೇ, ರಿಚಿ ಸ್ಟ್ರೀಟ್, ಮೊದಲ ಮಹಡಿ. ದಪ್ಪ ಮನುಷ್ಯ, ಎಲ್ಲರನ್ನೂ ತಾಯಿ ತಾಯಿ ಅಂತಾನೆ. ಕದಿರೇಸನ್.”

ಆ ಪೆಟ್ಟಿಗೆ ನಾನು ಯಾವತ್ತೂ ಮಾರಿಲ್ಲ ಎಂದಿದ್ದ ಅವನು. ಹೆಲ್ಮೆಟ್ಟಿನ ಮನುಷ್ಯ ಹುಟ್ಟಿದ್ದು ಅವನ ಬಾಯಿಯಲ್ಲೇ. ಕುಯಿಲಿಯ ದ್ವೇಷ ಯಾವ ಬಾಗಿಲಿಗೆ ಹೋಗಿ ನಿಲ್ಲಬೇಕೆಂದು ಅವನು ಚೆನ್ನಾಗಿ ತಿಳಿದೇ ಕಳಿಸಿದ್ದ.

ಅವಳು ಸೆಂಗುಟ್ಟುವನ್ ಎದುರು ಕುಳಿತಳು. “ಕ್ಷಮಿಸಿ ಭಾವ” ಎಂಬ ಮಾತು ಅರ್ಧ ಹೊರಬಂದಿತ್ತು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಅದುರಿತು.

ಪರದೆಯ ಮೇಲೆ ಎರಡೇ ಪದ. *ಜೋಡಿ ಎಚ್ಚರ.*

ಮನೆಗೆಲ್ಲ ಕರೆಂಟಿರಲಿಲ್ಲ. ಗೋಡೆಯ ಮೇಲಿನ ಬೂದು ಪೆಟ್ಟಿಗೆ, ತನ್ನ ಸಣ್ಣ ಬ್ಯಾಟರಿಯಿಂದ ಗುಟುಕು ಗುಟುಕಾಗಿ ಕುಡಿಯುತ್ತ, ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅಕ್ಕನ ಕಡತಗಳು ಬರತೊಡಗಿದವು. ನಲವತ್ತು. ತೊಂಬತ್ತು. ಇನ್ನೂರ ಹತ್ತು.

“ಬಂತು ಭಾವ! ಅಕ್ಕನದ್ದೆಲ್ಲಾ ಬರ್ತಿದೆ!”

ಒಂದನ್ನು ತೆರೆದಳು. ಚಿತ್ರ. ಕಾರ್ಖಾನೆಯ ಚಿಮಣಿಗೆ ಕೂರಿಸಿದ್ದ ಗಾಳಿ ಅಳೆಯುವ ಮೀಟರಿನ ಮುಚ್ಚಳ ತೆರೆದಿತ್ತು. ಒಳಗೆ, ಇರಬಾರದ ಜಾಗದಲ್ಲಿ, ಒಂದು ಪುಟ್ಟ ಹಸಿರು ಹಲಗೆ. ಅದರ ಮೇಲೆ ದುಂಡನೆಯ ಹಳದಿ ಚೀಟಿ. ಶುಕ್ರವಾರ ಬೂದು ಪೆಟ್ಟಿಗೆಯ ತಳದಲ್ಲಿ ನೋಡಿದ್ದ ಅದೇ ಚೀಟಿ. ಕದಿರೇಸನ್ ಅಂಗಡಿಯ ಗುರುತು.

ಮೀಟರ್ ಸುಳ್ಳು ಹೇಳುವಂತೆ ಮಾಡಿದವನು ಅವನು. ಅದನ್ನು ಕಂಡುಹಿಡಿದವಳು ಅಕ್ಕ.

“ಬೋಳಿಮಗ,” ಎಂದ ಸೆಂಗುಟ್ಟುವನ್, ಅವಳ ಭುಜದ ಮೇಲಿಂದ ನೋಡುತ್ತ. ಅವನ ಬಾಯಲ್ಲಿ ಅಂಥ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. “ನನ್ನ ಮುಂದೆ ನಿಂತು ನಕ್ಕಿದ್ದ. ನನ್ನ ಕೈ ಕುಲುಕಿದ್ದ. ಆ ಕೈ ಮುರೀತೀನಿ ಕುಯಿಲಿ. ನೀನು ಬೇಡ ಅಂದ್ರೂ ಮುರೀತೀನಿ.”

“ಬೇಡ ಅನ್ನಲ್ಲ,” ಎಂದಳು ಕುಯಿಲಿ.

ಸಂಖ್ಯೆ ನಾನ್ನೂರು ದಾಟಿತು. ನಾನ್ನೂರ ಅರವತ್ತು. ಅಲ್ಲಿ ನಿಂತಿತು.

ನಾನ್ನೂರ ಐವತ್ತೆರಡು. ನಾನ್ನೂರ ಮೂವತ್ತು.

ಇಳಿಯುತ್ತಿತ್ತು.

ಅವಳಿಗೆ ಆಗ ಹೊಳೆಯಿತು. ಮೂರು ತಿಂಗಳಿಂದ ಕದಿರೇಸನ್‌ಗೆ ಆ ಪೆಟ್ಟಿಗೆ ತೆರೆಯಲು ಆಗಿರಲಿಲ್ಲ. ಅಡಾಪ್ಟರಿನ ಕೊರತೆ ಅವನಿಗೆ ಎಂದೂ ಇರಲಿಲ್ಲ, ಬೇಕಾಗಿದ್ದದ್ದು ಜೋಡಿ. ಆ ಜೋಡಿಯನ್ನು ಅವಳೇ ಹೋಗಿ, ಅವನ ಅಂಗಡಿಯಲ್ಲೇ, ಕಿವಿಯಿಟ್ಟು ಆರಿಸಿ, ಅವನ ಕೈಯಿಂದಲೇ ಹೊಂದಿಸಿಕೊಂಡು ತಂದಿದ್ದಳು. ತಾವು ಬಲೆ ಹಾಕಿದ್ದೇವೆಂದುಕೊಂಡಿದ್ದರು. ಬಾಗಿಲು ತೆರೆದುಕೊಟ್ಟಿದ್ದರು. ಅವನು ಒಳಗೆ ನುಗ್ಗಿ ಒಂದೊಂದಾಗಿ ಒರೆಸಿಹಾಕುತ್ತಿದ್ದಾನೆ. ಅಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತಿದೆ.

ಮುನ್ನೂರ ಎಂಬತ್ತು.

ಇಂಟರ್ನೆಟ್ ತಂತಿ ಕಿತ್ತರೆ ಉಳಿದದ್ದು ಉಳಿಯುತ್ತದೆ. ಅವಳು ಸ್ಟೂಲು ಹತ್ತಿದಳು. ಇನ್ನೊಂದು ಕೈಯಲ್ಲಿ ಮಾಸಿಲಾಮಣಿಗೆ ಕರೆ ಮಾಡಿದಳು.

“ಅಯ್ಯಾ, ಕದಿರೇಸನ್! ಎಲ್ಲಾ ಅವನೇ! ನೀವೆಲ್ಲಿದ್ದೀರಿ?”

ಆ ಕಡೆಯಿಂದ ತಗ್ಗಿದ ದನಿ. “ಅವನ ಅಂಗಡೀಲೇ ಇದ್ದೀನಮ್ಮ. ಹೆಲ್ಮೆಟ್ಟಿನವನ ಬಿಲ್ ಕೇಳೋಣ ಅಂತ ಬಂದೆ. ಒಳಗೆ ಏನೋ ಕಂಪ್ಯೂಟರ್ ಮುಂದೆ ಕೂತಿದ್ದಾನೆ, ಒಂದು ನಿಮಿಷ ಇರಿ ಅಂದ. ಈಗ ಊಟದ ಹೊತ್ತು ಅಂತ ಶಟರ್…”

ತಗಡು ಕೆಳಗಿಳಿಯುವ ಸದ್ದು ಫೋನಿನಲ್ಲಿ ಬಹಳ ಹೊತ್ತು ಗಡಗಡಿಸಿತು. ಕರೆ ಕಡಿಯಿತು.

ಮತ್ತೆ ಮಾಡಿದಳು. ಎತ್ತಲಿಲ್ಲ. ಇನ್ನೂರ ತೊಂಬತ್ತು.

“ಏನಾಯ್ತು?” ಕೆಳಗಿನಿಂದ ಭಾವ ಕೇಳಿದ. ಅವನಿಗೆ ಫೋನಿನ ಮಾತು ಕೇಳಿಸಿರಲಿಲ್ಲ.

ತಂತಿ ಕಿತ್ತ ಕ್ಷಣವೇ ಕದಿರೇಸನ್‌ಗೆ ಗೊತ್ತಾಗುತ್ತದೆ. ಮುಚ್ಚಿದ ಶಟರಿನ ಒಳಗೆ, ಅರವತ್ತೊಂದು ವರ್ಷದ ಮನುಷ್ಯ ಅವನೊಬ್ಬನ ಜೊತೆಗಿದ್ದಾರೆ. ಕೀಳದಿದ್ದರೆ ಅಕ್ಕ ಎರಡನೆಯ ಸಲ ಸಾಯುತ್ತಾಳೆ, ಈ ಸಲ ಗುರುತೂ ಉಳಿಯದಂತೆ.

ಇನ್ನೂರ ನಲವತ್ತು. ಇನ್ನೂರ ಮೂವತ್ತೊಂದು.

ಕುಯಿಲಿ ತಂತಿ ಕಿತ್ತಳು.

ಸಂಖ್ಯೆ ನಿಂತಿತು. ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಅವಳು ಹತ್ತು ಎಣಿಸುವಷ್ಟರಲ್ಲಿ ಫೋನ್ ಅದುರಿತು. ಮಾಸಿಲಾಮಣಿಯ ಹೆಸರು. ಅವಳ ಎದೆ ಹಗುರಾಯಿತು.

“ಅಯ್ಯಾ?”

“ತಾಯೀ,” ಎಂದಿತು ನಗುವ ದನಿ. “ತಂತಿ ಯಾಕೆ ಕಿತ್ತೆ? ಇನ್ನೂ ಅರ್ಧ ಕೆಲಸ ಬಾಕಿ ಇದೆ. ವಾಪಸ್ ಚುಚ್ಚು. ಅಯ್ಯನವರು ಇಲ್ಲೇ ನೆಲದ ಮೇಲಿದ್ದಾರೆ, ಫೋನ್ ಹಿಡ್ಕೊಳ್ಳೋ ಸ್ಥಿತೀಲಿ ಇಲ್ಲ.”

ಕುಯಿಲಿ ಕಿತ್ತ ತಂತಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಳು.

“ಸುಮ್ಮನಿರ್ಬೇಡ ತಾಯಿ. ಫೆಬ್ರವರೀಲಿ ನಿನ್ನ ಅಕ್ಕನಿಗೂ ಇಷ್ಟೇ ಕೇಳಿದ್ದೆ, ಎಲ್ಲಾ ಅಳಿಸಿಬಿಡು ಅಂತ. ಅವಳೂ ಹಿಂಗೇ ಸುಮ್ಮನಿದ್ಲು.”